ಮದುವೆ ಮಾಡಿ ನೋಡು: ಗುರ್ಕಾರನಿಂದ ಗುತ್ತಿಗೆದಾರನವರೆಗೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಮನೆ ಕಟ್ಟಲು ಗುತ್ತಿಗೆದಾರ ಎಂದೋ ಬಂದ. ಮದುವೆ ಮಾಡಿಸಲು ಗುತ್ತಿಗೆದಾರ ಬಂದದ್ದು ತೀರ ಈಚೆಗೆ. ಅವನನ್ನು ‘ವೆಡ್ಡಿಂಗ್ ಪ್ಲಾನರ್’ ಎನ್ನುತ್ತಾರೆ. ಹೆಸರು ಹೊಸದು, ಕೆಲಸ ಹೊಸದೇನೂ ಅಲ್ಲ. ಹಿಂದೆ ಇದೇ ಕೆಲಸವನ್ನು ಯಾರು ಮಾಡುತ್ತಿದ್ದರು, ಅದು ಅವರ ಕೈಯಿಂದ ಜಾರಿದ್ದು ಹೇಗೆ ಎಂದು ಹುಡುಕಹೊರಟರೆ ಕರಾವಳಿಯ ನೂರು ವರ್ಷಗಳ ಕಥೆಯೇ ತೆರೆದುಕೊಳ್ಳುತ್ತದೆ.

ಆ ಕಥೆಗೆ ಮಂಗಳೂರಿನ ಜೆಪ್ಪು ತಕ್ಕ ಜಾಗ. ಪಕ್ಕದ ಬೋಳಾರದಲ್ಲಿ ಮಂಗಳಾದೇವಿ ದೇವಸ್ಥಾನವಿದೆ. ಕಂಕಣಭಾಗ್ಯ ಬೇಡಿ ಕನ್ಯೆಯರು ವ್ರತ ಹಿಡಿಯುವ ಸನ್ನಿಧಿ ಅದು. ನೇತ್ರಾವತಿಯ ದಂಡೆಯಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಆರಂಭಿಸಿದರು. 1878ರ ಕೊನೆಗೆ ಮಂಗಳೂರಿಗೆ ಬಂದ ಯೇಸು ಸಭೆಯ ಪಾದ್ರಿಗಳಿಂದ ಸಂತ ಜೋಸೆಫರ ಸೆಮಿನರಿ ಬೆಳೆಯಿತು. ಹೀಗೆ ತುಳು, ಕೊಂಕಣಿ, ಬ್ಯಾರಿ, ಕನ್ನಡಗಳನ್ನಾಡುವ ಕುಟುಂಬಗಳು ಒಂದೇ ಪೇಟೆಯ ಆಸುಪಾಸಿನಲ್ಲಿ ನೆಲೆ ನಿಂತವು. ಮದುವೆಯ ಕ್ರಮ ಮನೆಮನೆಗೂ ಬೇರೆ. ಆದರೆ ಅದನ್ನು ಮುಂದೆ ನಿಂತು ನಡೆಸಿಕೊಡುವ ಹಿರಿಯನೊಬ್ಬ ಎಲ್ಲರಲ್ಲೂ ಇದ್ದ.

ಸಂಬಳವಿಲ್ಲದ ಯಜಮಾನಿಕೆ

ಕೊಂಕಣಿ ಕ್ರೈಸ್ತರಲ್ಲಿ ಅವನು ವಾಡೆಯ ಗುರ್ಕಾರ. ತುಳುವರ ಹಲವು ಸಮುದಾಯಗಳಲ್ಲಿ ಗುರಿಕಾರ. ಮದುವೆ ನಿಶ್ಚಯವಾದರೆ ಮೊದಲು ಅವನಿಗೆ ತಿಳಿಸಬೇಕು. ಯಾರ ಮನೆಗೆ ಹೋಗಿ ಹೇಳಿಕೆ ಕೊಡಬೇಕು, ಯಾರನ್ನು ಬಿಟ್ಟರೆ ಮುನಿಸು ಬರುತ್ತದೆ, ಯಾರ ಮನೆಯ ಕಂಚಿನ ಹಂಡೆ ತರಬೇಕು ಎಂಬುದೆಲ್ಲ ಅವನ ತಲೆಯಲ್ಲೇ ಇರುತ್ತಿತ್ತು.

ಅಂಗಳದಲ್ಲಿ ಅಡಿಕೆ ಮರದ ಕಂಬ ನೆಟ್ಟು, ತೆಂಗಿನ ಮಡಲು ಹೊದೆಸಿ ಚಪ್ಪರ ಹಾಕುವುದಕ್ಕೆ ನೆರೆಕರೆಯ ಗಂಡಸರು ಬರುತ್ತಿದ್ದರು. ತೆಂಗಿನಕಾಯಿ ತುರಿಯಲು, ಮಸಾಲೆ ಅರೆಯಲು ಹೆಂಗಸರು ಸೇರುತ್ತಿದ್ದರು. ಕ್ರೈಸ್ತರ ಮನೆಯಲ್ಲಿ ಮದುವೆಯ ಮುನ್ನಾದಿನ ‘ರೋಸ್’. ವಧು ಅಥವಾ ವರನಿಗೆ ತೆಂಗಿನ ಹಾಲು, ಎಣ್ಣೆ ಹಚ್ಚಿ ಮೀಯಿಸುವ ಈ ಶಾಸ್ತ್ರಕ್ಕೆ ಹಾಡು ಬಲ್ಲ ಹಿರಿಯಳೊಬ್ಬಳು ‘ವೋವಿಯೊ’ ಎತ್ತಿಕೊಡಬೇಕು. ತುಳುವರಲ್ಲಿ ಕೈಗೆ ಕೈ ಸೇರಿಸಿ ನೀರೆರೆಯುವ ಧಾರೆಯೇ ಮುಖ್ಯ. ಅಳಿಯ ಸಂತಾನದ ಮನೆಗಳಲ್ಲಿ ಸೋದರಮಾವನ ಮಾತಿಗೆ ಹೆಚ್ಚು ತೂಕ. ಯಾರ ಸರದಿ ಯಾವಾಗ ಎಂದು ತಪ್ಪದೆ ಹೇಳಬಲ್ಲವನೇ ಆ ದಿನದ ದೊಡ್ಡ ಮನುಷ್ಯ.

ಈ ದುಡಿಮೆಗೆ ಕೂಲಿ ಇರಲಿಲ್ಲ. ಹಾಗೆಂದು ಅದು ಪುಕ್ಕಟೆಯೂ ಅಲ್ಲ. ಇಂದು ನಮ್ಮ ಚಪ್ಪರಕ್ಕೆ ಬಂದವನ ಮನೆಯ ಚಪ್ಪರಕ್ಕೆ ನಾಳೆ ನಾವು ಹೋಗಲೇಬೇಕು. ಮುಯ್ಯಿಯ ಹಣವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು; ಮೈಮುರಿತದ ಮುಯ್ಯಿಯನ್ನು ಯಾರೂ ಬರೆದಿಡಲಿಲ್ಲ, ಯಾರೂ ಮರೆಯಲೂ ಇಲ್ಲ.

ಇದನ್ನೆಲ್ಲ ಹೊಗಳುವಾಗ ಇನ್ನೊಂದು ಮುಖವನ್ನು ಮರೆಯಬಾರದು. ಧಣಿಗಳ ಮನೆಯ ಮದುವೆಯಲ್ಲಿ ಕಟ್ಟಿಗೆ ಒಡೆದವರು, ಬಾಳೆಲೆ ಹೊತ್ತು ತಂದವರು, ಎಂಜಲೆಲೆ ತೆಗೆದವರು ಹೆಚ್ಚಾಗಿ ಗೇಣಿ ಒಕ್ಕಲುಗಳು. ಅವರಿಗೆ ‘ಆಗುವುದಿಲ್ಲ’ ಎನ್ನುವ ಸ್ವಾತಂತ್ರ್ಯವಿರಲಿಲ್ಲ. ಊರೊಟ್ಟಿನ ದುಡಿಮೆ ಎಂದು ಇಂದು ನೆನೆಯುವುದರಲ್ಲಿ ಪ್ರೀತಿಯೂ ಇತ್ತು, ಬಿಟ್ಟಿಯೂ ಇತ್ತು.

ಕೈಗಳು ಕಡಿಮೆಯಾದವು

1974ರ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಈ ಲೆಕ್ಕವನ್ನು ಅಡಿಮೇಲು ಮಾಡಿತು. ಉಳುವವನು ಹೊಲದೊಡೆಯನಾದ ಮೇಲೆ ಧಣಿಯ ಚಪ್ಪರಕ್ಕೆ ಕಂಬ ನೆಡುವ ಹಂಗು ಅವನಿಗಿಲ್ಲ. ಅದೇ ದಶಕದಲ್ಲಿ ಕರಾವಳಿಯ ಯುವಕರು ಕೊಲ್ಲಿ ರಾಷ್ಟ್ರಗಳತ್ತ ಹೊರಟರು. ಮುಂಬಯಿಗೆ ಹೋಗುವ ದಾರಿ ಅದಕ್ಕಿಂತಲೂ ಹಳೆಯದು. ಮನೆಗೆ ಹಣ ಬಂತು, ಆದರೆ ಕಂಬ ನೆಡುವ ಕೈಗಳು ದೂರವಾದವು. ವರನೇ ಇಪ್ಪತ್ತು ದಿನದ ರಜೆಯಲ್ಲಿ ಬಂದಿಳಿದರೆ ತಿಂಗಳುಗಟ್ಟಲೆ ತಯಾರಿ ಮಾಡುವವರು ಯಾರು?

ಅಂಗಳದ ಮದುವೆ ಹಾಲ್‌ಗೆ ಹೋಯಿತು. ಅಡುಗೆ ಕೇಟರಿಂಗ್‌ನವರ ಪಾಲಾಯಿತು. ಹೂವಿಗೊಬ್ಬ, ದೀಪಕ್ಕೊಬ್ಬ, ವೀಡಿಯೊಗೊಬ್ಬ, ಬ್ಯಾಂಡಿಗೊಬ್ಬ ಎಂದಾದಾಗ ಇವರನ್ನೆಲ್ಲ ಒಂದು ದಾರಕ್ಕೆ ಪೋಣಿಸಲು ಮತ್ತೆ ಒಬ್ಬ ಬೇಕಾದ. ಗುರ್ಕಾರ ಬಿಟ್ಟ ಖಾಲಿ ಕುರ್ಚಿಯಲ್ಲಿ ಪ್ಲಾನರ್ ಬಂದು ಕೂತದ್ದು ಹೀಗೆ.

ಪಂಚಾಂಗವೇ ಯಜಮಾನ

ಈ ಕಸುಬಿನವರ ಬದುಕನ್ನು ಆಳುವುದು ಗಡಿಯಾರಕ್ಕಿಂತ ಹೆಚ್ಚಾಗಿ ಕ್ಯಾಲೆಂಡರು. ಆಷಾಢದಲ್ಲಿ, ತುಳುವರ ಆಟಿ ತಿಂಗಳಲ್ಲಿ ಮದುವೆಯಿಲ್ಲ. ಧನುರ್ಮಾಸದಲ್ಲಿ ಹಿಂದೂಗಳ ಮನೆಯಲ್ಲಿ ವಾಲಗವಿಲ್ಲ. ಆದರೆ ಕ್ರಿಸ್ಮಸ್ ಮುಗಿಯುತ್ತಲೇ ಇಗರ್ಜಿಗಳಲ್ಲಿ ಸಾಲು ಸಾಲು ಮದುವೆ. ಆಗಮನ ಕಾಲ ಮತ್ತು ತಪಸ್ಸುಕಾಲದಲ್ಲಿ ವೈಭವದ ವಿವಾಹ ಸಲ್ಲದೆಂಬ ನಿಯಮವನ್ನು ಕ್ರೈಸ್ತ ಸಭೆಯು 1563ರಲ್ಲಿ ಟ್ರೆಂಟ್ ಮಹಾಸಭೆಯಲ್ಲೇ ಗಟ್ಟಿ ಮಾಡಿತ್ತು. ಅದರ ನೆರಳು ಇಂದೂ ಇದೆ. ತಪಸ್ಸುಕಾಲದಲ್ಲಿ ಕ್ರೈಸ್ತರ ಮದುವೆ ನಿಂತಾಗ ಹಿಂದೂಗಳ ಮುಹೂರ್ತಗಳು ಕೈಹಿಡಿಯುತ್ತವೆ. ರಂಜಾನ್ ಮುಗಿದ ಮೇಲೆ ಬ್ಯಾರಿಗಳ ಮದುವೆ. ಮೇ ತಿಂಗಳಲ್ಲಂತೂ ಎಲ್ಲರಿಗೂ ಅವಸರ. ಜೂನ್ ಮಳೆ ಹಿಡಿಯಿತೆಂದರೆ ಕೆಲಸವೂ ಇಲ್ಲ, ಆದಾಯವೂ ಇಲ್ಲ. ಹಲವು ಧರ್ಮದವರು ಒಂದೇ ಕಡೆ ಬಾಳುವ ಜೆಪ್ಪುವಿನಂಥ ಊರಿನಲ್ಲಿ ಒಬ್ಬರ ನಿಷೇಧದ ತಿಂಗಳು ಇನ್ನೊಬ್ಬರ ಹಬ್ಬದ ತಿಂಗಳಾಗಿ ಕಸುಬು ಉಳಿಯುತ್ತದೆ.

ಸೀಸನ್ನಿನ ಬಿಸಿ ಹೂವಿಗೂ ತಟ್ಟುತ್ತದೆ. ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯಿಲ್ಲದೆ ಇಲ್ಲಿನ ಮದುಮಗಳ ಸಿಂಗಾರ ಪೂರ್ತಿಯಾಗದು. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನವೂ ಬದಲಾಗುತ್ತದೆ. ಮುಹೂರ್ತಗಳು ಒತ್ತೊತ್ತಾಗಿ ಬಂದ ವಾರ ಅಟ್ಟೆಯ ದರ ಏರಿದರೆ, ತಿಂಗಳ ಹಿಂದೆ ಒಪ್ಪಿಕೊಂಡ ಮೊತ್ತದಲ್ಲೇ ಅದನ್ನು ತೂಗಿಸಬೇಕು.

ಬೇರೆಯವರ ಮನೆಯ ಸಂಭ್ರಮವೇ ಈ ಕಸುಬಿನವರಿಗೆ ಹಗಲು ರಾತ್ರಿಯ ದುಡಿಮೆ. ಊರೆಲ್ಲ ಉಂಡ ಮೇಲೆ ಕೊನೆಯ ಪಂಕ್ತಿಯಲ್ಲಿ ಅವರ ಎಲೆ. ಎಲ್ಲ ಸುಸೂತ್ರವಾದರೆ ಹೊಗಳಿಕೆ ಮದುಮಕ್ಕಳಿಗೆ. ಮೈಕ್ ಕೆಟ್ಟರೆ ಬೈಗುಳ ಇವರಿಗೆ. 2020ರಲ್ಲಿ ಕೊರೊನಾ ಬಂದು ಮದುವೆಗೆ 50 ಮಂದಿಯ ಮಿತಿ ಬಿದ್ದಾಗ ಮೊದಲು ಕೆಲಸ ಕಳೆದುಕೊಂಡವರಲ್ಲಿ ಇವರೂ, ಇವರನ್ನು ನಂಬಿದ ಅಡುಗೆಯವರೂ ಬ್ಯಾಂಡಿನವರೂ ಇದ್ದರು.

ಸರಳತೆಯ ಇನ್ನೊಂದು ದಾರಿ

ಆಡಂಬರ ಬೇಡವೆಂದು ಹೊರಟವರೂ ಈ ನಾಡಿನಲ್ಲಿದ್ದಾರೆ. ಕುವೆಂಪು ಅವರ ‘ಮಂತ್ರ ಮಾಂಗಲ್ಯ’ದ ಕ್ರಮದಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ 1966ರಲ್ಲಿ ನಡೆಯಿತು. ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಸಾಮೂಹಿಕ ವಿವಾಹ ಆರಂಭಿಸಿದರು. ವರದಕ್ಷಿಣೆ ನಿಷೇಧದ ಕಾನೂನು ಬಂದದ್ದು 1961ರಲ್ಲೇ ಆದರೂ, ಸಾಲ ಮಾಡಿ ಮಗಳ ಮದುವೆ ಮಾಡಿದ ತಂದೆಯ ಕಷ್ಟ ಕಾನೂನಿನಿಂದಷ್ಟೇ ತೀರಿರಲಿಲ್ಲ. ಅಂಥ ಸಾವಿರಾರು ಕುಟುಂಬಗಳಿಗೆ ಸಾಮೂಹಿಕ ಮಂಟಪ ಆಸರೆಯಾಯಿತು.

ಪ್ಲಾನರ್ ಬಂದುದರಿಂದ ಸಂಬಂಧ ಕೆಟ್ಟಿತು ಎಂದು ದೂರುವುದು ಸುಲಭ. ನಿಜ ನೋಡಿದರೆ ನೆರೆಕರೆಯ ಕೈಗಳು ದೂರವಾದ ಮೇಲೆಯೇ ಅವನು ಬಂದ. ಜೊತೆಗೆ, ಬಾಳೆಲೆ ಹೊರುವವನಿಗೆ ಇಂದು ಕೂಲಿ ಸಿಗುತ್ತದೆ, ಒಲ್ಲೆ ಎನ್ನುವ ಹಕ್ಕೂ ಇದೆ. ಇದು ಸಣ್ಣ ಲಾಭವಲ್ಲ. ಕಳೆದುಕೊಂಡದ್ದೂ ಇದೆ. ಮದುವೆ ಮುಗಿದ ಮರುದಿನ ಲೆಕ್ಕ ಚುಕ್ತಾ ಆಗುತ್ತದೆ. ಗುರ್ಕಾರನೊಂದಿಗಿನ ಲೆಕ್ಕ ಮಾತ್ರ ಎಂದೂ ಚುಕ್ತಾ ಆಗುತ್ತಿರಲಿಲ್ಲ. ಮದುಮಗಳು ಬಾಣಂತನಕ್ಕೆ ತವರಿಗೆ ಬಂದಾಗಲೂ, ಮನೆಯಲ್ಲಿ ಸಾವಾದಾಗಲೂ ಅವನೇ ಬಂದು ಜಗಲಿಯಲ್ಲಿ ಕೂರುತ್ತಿದ್ದ. ಹಣ ಕೊಟ್ಟು ಚಪ್ಪರ ಹಾಕಿಸಬಹುದು. ಜಗಲಿಯಲ್ಲಿ ಬಂದು ಕೂರುವವರನ್ನು ಮಾತ್ರ ಇಂದೂ ನಾವೇ ಸಂಪಾದಿಸಿಕೊಳ್ಳಬೇಕು.