ನಿಘಂಟಿಗೆ ಮುನ್ನ ಹಾಡು: ಕಿಟೆಲರ 'ಕಥಾಮಾಲೆ'

ಕಿಟೆಲ್ ಎಂದರೆ ನಿಘಂಟು. ಕನ್ನಡ ಬಲ್ಲವರಲ್ಲಿ ಹೆಚ್ಚಿನವರಿಗೆ ಆ ಹೆಸರಿನ ಜೊತೆಗೆ ನೆನಪಾಗುವುದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70 ಸಾವಿರ ಶಬ್ದಗಳ ಆ ದಪ್ಪ ಹೊತ್ತಗೆ ಮಾತ್ರ. ಅದಕ್ಕೂ 32 ವರ್ಷ ಮೊದಲು ಇದೇ ಜರ್ಮನ್ ಪಾದ್ರಿ ಯೇಸುವಿನ ಜೀವನವನ್ನು ಕನ್ನಡ ಪದ್ಯಗಳಲ್ಲಿ ಕಟ್ಟಿ 'ಕಥಾಮಾಲೆ' ಎಂಬ ಕೃತಿ ಹೊರತಂದಿದ್ದರು. ಅದರ ಛಂದಸ್ಸು ಯೂರೋಪಿನದಲ್ಲ, ಈ ನೆಲದ್ದು. ಕ್ರೈಸ್ತರ ಹಾಡು ಕನ್ನಡದ ಧಾಟಿಯಲ್ಲೇ ಇರಬೇಕೆಂಬ ಹಂಬಲದಿಂದ ಹುಟ್ಟಿದ ಆ ಪುಸ್ತಕವನ್ನು ಇಂದು ಬಲ್ಲವರು ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳಷ್ಟೇ.

ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕಡಲತೀರದ ಓಸ್ಟ್‌ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ. ತಂದೆಯೂ ಪಾದ್ರಿ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನಲ್ಲಿ ತರಬೇತಿ ಪಡೆದು 1853ರಲ್ಲಿ ಕರ್ನಾಟಕಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದರ ಪ್ರಾಯ. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಕೆಲಸ ಮಾಡಿದರು. ಧರ್ಮಪ್ರಚಾರಕ್ಕೆಂದು ಬಂದವರು ಹಳಗನ್ನಡ ಕಾವ್ಯಗಳಲ್ಲೇ ಮುಳುಗಿಬಿಟ್ಟರು. ಜೊತೆಗಾರ ಮಿಷನರಿಗಳಿಗೆ ಇದೇನೂ ಸಮಾಧಾನದ ವಿಷಯವಾಗಿರಲಿಲ್ಲ.

ಅವರು ಬರುವ ಹೊತ್ತಿಗೆ ದಾರಿ ತೀರ ಹೊಸದಾಗಿಯೂ ಇರಲಿಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಕನ್ನಡದ ಹಳೆಯ ಕಾವ್ಯಗಳನ್ನು ಅಚ್ಚಿಗೆ ತಂದಿದ್ದರು. 1850ರಲ್ಲಿ ಹರಿದಾಸರ ಪದಗಳನ್ನೂ ಸಂಗ್ರಹಿಸಿ ಪ್ರಕಟಿಸಿದ್ದರು. ಪುರಂದರದಾಸರ ಪದಗಳು ಮೊದಲು ಅಚ್ಚಿನ ಮೊಳೆ ಕಂಡದ್ದು ಒಬ್ಬ ಕ್ರೈಸ್ತ ಪಾದ್ರಿಯ ಕೈಯಲ್ಲಿ ಎಂಬುದು ಸಣ್ಣ ಸೋಜಿಗವಲ್ಲ.

ಆದರೆ ಮಿಷನ್ನಿನ ಪ್ರಾರ್ಥನಾ ಮಂದಿರದೊಳಗೆ ದಾಸರ ಧಾಟಿಗೆ ಎಡೆಯಿರಲಿಲ್ಲ. ಅಲ್ಲಿ ಹೆಚ್ಚಾಗಿ ಕೇಳುತ್ತಿದ್ದುದು ಜರ್ಮನಿಯ ಸಭಾಗೀತೆಗಳು. ಮಾತು ಕನ್ನಡಕ್ಕೆ ಬಂದಿತ್ತು, ರಾಗ ಬಂದಿರಲಿಲ್ಲ. ಜರ್ಮನ್ ಸಭಾಗೀತೆ ನಿಂತಿರುವುದು ಅಕ್ಷರದ ಮೇಲೆ ಬೀಳುವ ಒತ್ತಿನ ಮೇಲೆ. ಕನ್ನಡ ಪದ್ಯ ನಿಂತಿರುವುದು ಮಾತ್ರೆಯ ಮೇಲೆ, ಅಂದರೆ ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು ಎಂಬ ಕಾಲದ ಅಳತೆಯ ಮೇಲೆ. ರಾಗಕ್ಕೆ ಹೊಂದಿಸಲು ಹ್ರಸ್ವವನ್ನು ಎಳೆದರೆ ಅರ್ಥವೇ ಕೆಡಬಹುದು. 'ಕೊಡು' ಎಂದು ದೇವರನ್ನು ಬೇಡಿಕೊಳ್ಳುವ ಭಕ್ತ 'ಕೋಡು' ಎಂದು ಹಾಡಿದಂತಾಗುತ್ತದೆ. 'ಬಿಡು' ಎಂಬುದು 'ಬೀಡು' ಆಗುತ್ತದೆ. ನಮ್ಮ ಹಾಡುಗಾರರೂ ಸ್ವರ ಎಳೆಯುವುದಿಲ್ಲವೇ ಎಂದು ಕೇಳಬಹುದು. ಎಳೆಯುತ್ತಾರೆ, ಧಾರಾಳವಾಗಿಯೇ. ಆದರೆ ಆ ಎಳೆತ ಪದದ ನಡೆಯನ್ನು ಬಲ್ಲ ತಾಳದೊಳಗೆ ನಡೆಯುತ್ತದೆ, ಕೇಳುವ ಕಿವಿಯೂ ಅದಕ್ಕೆ ಪಳಗಿರುತ್ತದೆ.

ಇನ್ನೊಂದು ಕಡೆ ಊರಿನ ಜಗಲಿಯಲ್ಲಿ, ಗುಡಿಯ ಪೌಳಿಯಲ್ಲಿ ಜನ ಕೇಳುತ್ತಿದ್ದುದು ಗಮಕಿಗಳು ವಾಚಿಸುವ ಕುಮಾರವ್ಯಾಸ, ಲಕ್ಷ್ಮೀಶರನ್ನು. ಗದುಗಿನ ಭಾರತದ ಭಾಮಿನಿ ಷಟ್ಪದಿಯನ್ನೇ ನೋಡಿ. ಆರು ಸಾಲು, ಒಂದು, ಎರಡು, ನಾಲ್ಕು, ಐದನೆಯವಕ್ಕೆ ತಲಾ 14 ಮಾತ್ರೆ, ಮೂರು ಮತ್ತು ಆರನೆಯವಕ್ಕೆ 23. ಮೂರು-ನಾಲ್ಕು, ಮೂರು-ನಾಲ್ಕು ಎಂದು ಹೆಜ್ಜೆ ಹಾಕುವ ಈ ನಡೆ ಓದು ಬಾರದವರಿಗೂ ಬಾಯಿಪಾಠವಾಗುತ್ತಿತ್ತು. ಕಥೆಯನ್ನು ಪದ್ಯದಲ್ಲಿ, ರಾಗವಾಗಿ ಕೇಳುವುದೇ ಇಲ್ಲಿನವರ ರೂಢಿ ಎಂದಾದರೆ, ಕ್ರಿಸ್ತನ ಕಥೆಯೂ ಹಾಗೆಯೇ ಅವರನ್ನು ತಲುಪಬೇಕಷ್ಟೆ. 1862ರ 'ಕಥಾಮಾಲೆ'ಯ ಹಿಂದಿದ್ದ ತರ್ಕ ಇದು.

ತರ್ಕ ಸರಿ. ಆದರೂ ದಾಸರ ಪದದ ಹಾಗೆ ಆ ಪದ್ಯಗಳು ಜನರ ನಾಲಗೆಗೆ ಹತ್ತಲಿಲ್ಲ. ಏಕೆಂದು ತಿಳಿಯಲು ನೆರೆಯ ತಂಜಾವೂರಿನತ್ತ ನೋಡಬೇಕು.

ಅಲ್ಲಿ ವೇದನಾಯಗ ಶಾಸ್ತ್ರಿ (1774–1864) ಎಂಬ ಪ್ರಾಟೆಸ್ಟೆಂಟ್ ಕವಿ ಇದ್ದರು. ತಮಿಳು ಅವರ ತಾಯ್ನುಡಿ. ತಂಜಾವೂರಿನ ಮರಾಠಾ ಅರಸ ಎರಡನೇ ಶರಭೋಜಿ ಅವರ ಸಹಪಾಠಿ. ಇಬ್ಬರಿಗೂ ಪಾಠ ಹೇಳಿದವರು ಶ್ವಾರ್ಟ್ಸ್ ಎಂಬ ಜರ್ಮನ್ ಪಾದ್ರಿ. ಮುಂದೆ ಶಾಸ್ತ್ರಿ ಅದೇ ಅರಸನ ಆಸ್ಥಾನ ಕವಿಯೂ ಆದರು. ಕರ್ನಾಟಕ ಸಂಗೀತದ ರಾಗ ತಾಳಗಳಲ್ಲಿ ಅವರು ಕಟ್ಟಿದ ಕ್ರೈಸ್ತ ಕೀರ್ತನೆಗಳು ತಮಿಳು ಸಭೆಗಳಲ್ಲಿ ಇಂದಿಗೂ ಕೇಳುತ್ತವೆ. ಕುರವಂಜಿಯಂಥ ಜನಪ್ರಿಯ ಗೇಯರೂಪಕದ ಪ್ರಕಾರವನ್ನೂ ಅವರು ಬಿಡದೆ 'ಬೆತ್ಲೆಹೇಂ ಕುರವಂಜಿ' ಬರೆದರು. ಅಲ್ಲಿ ಕವಿ, ಹಾಡುಗಾರ, ಕೇಳುಗ ಮೂವರೂ ಒಂದೇ ನೆಲದವರು. ಕಿಟೆಲರಿಗೆ ಛಂದಸ್ಸು ಒಲಿಯಿತು. ಅದನ್ನು ಹಾಡಿ ಹಬ್ಬಿಸುವ ಪರಂಪರೆಯೊಂದು ಬೆನ್ನಿಗಿರಲಿಲ್ಲ. ಪದ್ಯವನ್ನು ಒಬ್ಬರೇ ಕೂತು ಬರೆಯಬಹುದು, ಆದರೆ ಕೀರ್ತನೆಗೆ ಹಿಮ್ಮೇಳ ಬೇಕು.

ಹಾಡಿನ ಕೈಂಕರ್ಯ ಹೀಗೆ ಸೊರಗಿದರೂ ಅದು ಬೇಡುವ ವಿದ್ಯೆಯನ್ನು ಕಿಟೆಲ್ ಬಿಡಲಿಲ್ಲ. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ' ಸಂಪಾದಿಸಿದರು. 1875ರಲ್ಲಿ ಹತ್ತನೆಯ ಶತಮಾನದ ನಾಗವರ್ಮನ 'ಛಂದೋಂಬುಧಿ'ಯನ್ನು ಹೊರತಂದರು. ಕನ್ನಡ ಪದ್ಯದ ಲೆಕ್ಕಾಚಾರವನ್ನೆಲ್ಲ ಹೇಳುವ ಆ ಗ್ರಂಥಕ್ಕೆ ಕನ್ನಡ ಸಾಹಿತ್ಯ ಚರಿತ್ರೆಯ ಕುರಿತ ದೀರ್ಘ ಪ್ರಬಂಧವನ್ನೂ ಸೇರಿಸಿದರು. ನಿಘಂಟಿನಲ್ಲಿ ಕಾವ್ಯಗಳ ಪ್ರಯೋಗಗಳು, ಗಾದೆಗಳು ಹೇರಳವಾಗಿ ಬರುವುದಕ್ಕೂ ಈ ಓದೇ ಆಧಾರ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ, ಕನ್ನಡ ವ್ಯಾಕರಣ ಪ್ರಕಟವಾದ ವರ್ಷವೇ, ಅವರು ಅದೇ ಊರಿನಲ್ಲಿ ತೀರಿಕೊಂಡರು.

ಇದು ಪ್ರಾಟೆಸ್ಟೆಂಟರ ಕಥೆ. ಕ್ಯಾಥೊಲಿಕರಲ್ಲಿ ಈ ಪ್ರಶ್ನೆ ಬಹಳ ತಡವಾಗಿ ಎದ್ದಿತು. ಅವರ ಬಲಿಪೂಜೆಯ ಭಾಷೆ 1960ರ ದಶಕದವರೆಗೆ ಲ್ಯಾಟಿನ್ ಆಗಿತ್ತು. 1963ರ ಡಿಸೆಂಬರ್‌ನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. ಮಿಷನ್ ನಾಡುಗಳ ಜನರ ಸ್ವಂತ ಸಂಗೀತ ಪರಂಪರೆಗೆ ತಕ್ಕ ಮನ್ನಣೆ ಸಲ್ಲಬೇಕೆಂದೂ ಹೇಳಿತು. 'ಕಥಾಮಾಲೆ' ಅಚ್ಚಾಗಿ ಆಗ 101 ವರ್ಷ. ನಾಲ್ಕು ವರ್ಷಗಳಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ ಹುಟ್ಟಿತು. ಅದನ್ನು ಕಟ್ಟಿದ ಡಿ.ಎಸ್. ಅಮಲೋರ್ಪವದಾಸ್ ಆರತಿ, ಭಜನೆಗಳನ್ನು ಆರಾಧನೆಯೊಳಗೆ ತಂದರು. ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಸ್ಥಾಪಿಸಿದರು.

ಆದರೆ ಜನರ ಭಾಷೆ ಯಾವುದು? ಅದೇ ಮೈಸೂರು ಧರ್ಮಪ್ರಾಂತ್ಯದ ಮಾರ್ಟಳ್ಳಿಯಲ್ಲಿ ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಈಗ ಹನೂರು ತಾಲ್ಲೂಕಿಗೆ ಸೇರಿದ ಆ ಗಡಿನಾಡಿನ ಊರಲ್ಲಿ ಕ್ಯಾಥೊಲಿಕರು ಬಹಳ, ಮನೆಮಾತು ಹೆಚ್ಚಾಗಿ ತಮಿಳು. ಅದು ಮೊದಲಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯ ಭಾಗ. ವ್ಯಾಟಿಕನ್ನಿನಿಂದ ಅಪ್ಪಣೆ ಹೊರಟಾಗ ಆ ಜನ ಕನ್ನಡ ರಾಜ್ಯದವರಾಗಿ ಏಳು ವರ್ಷವಷ್ಟೇ ಆಗಿತ್ತು.