ಲಂಡನ್ನಿನ ಸಾರಥಿಗಳ ಮಾರ್ಗಸ್ಮೃತಿ

ವೇದಾಧ್ಯಾಯಿಗಳು ಪುಸ್ತಕವನ್ನು ನೋಡದೆ ಸಂಹಿತೆಯನ್ನು ಒಪ್ಪಿಸುವಂತೆ, ಒಂದು ಮಹಾನಗರದ ಬೀದಿಗಳನ್ನೇ ಒಪ್ಪಿಸತಕ್ಕ ಪರೀಕ್ಷೆಯೊಂದು ಲಂಡನ್ನಿನಲ್ಲಿ 1865ರಿಂದ ನಡೆದುಬಂದಿದೆ. ಅಲ್ಲಿ ಬಾಡಿಗೆಯ ಗಾಡಿಯನ್ನು ನಡೆಸಲು ಅನುಮತಿ ಬೇಡುವವರು ಇದರಲ್ಲಿ ಉತ್ತೀರ್ಣರಾಗಲೇಬೇಕು. ಇದಕ್ಕೆ ‘ನಾಲೆಡ್ಜ್’, ಎಂದರೆ ‘ಜ್ಞಾನ’ವೆಂದೇ ಹೆಸರು. 1851ರ ಮಹಾಪ್ರದರ್ಶನಕ್ಕೆ ಬಂದ ಪರಸ್ಥಳದವರು ಗಾಡಿಯವರ ಅಜ್ಞಾನವನ್ನು ದೂರಿದ್ದರಿಂದ ಇದು ಹುಟ್ಟಿತೆಂದು ಹೇಳುವುದುಂಟು. ನಡುವೆ 14 ವರ್ಷಗಳ ಅಂತರವಿರುವುದರಿಂದ ಈ ಮಾತನ್ನು ಐತಿಹ್ಯವೆಂದೆಣಿಸುವುದೇ ಲೇಸು.

ಚೇರಿಂಗ್ ಕ್ರಾಸಿನ ಸುತ್ತ ಆರು ಮೈಲಿಗಳೊಳಗಿನ ಸುಮಾರು 25,000 ಬೀದಿಗಳನ್ನೂ, ಅವುಗಳಲ್ಲಿರುವ ಆಸ್ಪತ್ರೆ, ನಾಟಕಶಾಲೆ, ನ್ಯಾಯಸ್ಥಾನ ಮೊದಲಾದವನ್ನೂ ಅಭ್ಯಾಸಿಯು ಮನೋಗತಮಾಡಿಕೊಳ್ಳಬೇಕು. ಪಾಠಕ್ರಮದಲ್ಲಿ 320 ಮಾರ್ಗಗಳಿವೆ. ಮೊದಲನೆಯದು ಮ್ಯಾನರ್ ಹೌಸಿನಿಂದ ಗಿಬ್ಸನ್ ಸ್ಕ್ವೇರಿಗೆ. ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಬೀದಿ ಬೀದಿ ಸುತ್ತಿ, ಬಳಿಕ ಪರೀಕ್ಷಕರ ಮುಂದೆ ಕುಳಿತು, ಭೂಪಟದ ಆಸರೆಯಿಲ್ಲದೆ, ಎಡಬಲದ ತಿರುವುಗಳ ಸಹಿತವಾಗಿ ದಾರಿಯನ್ನು ಬಾಯಿಯಲ್ಲಿ ಹೇಳಬೇಕು.

2000ರಲ್ಲಿ ಎಲಿನರ್ ಮ್ಯಾಗ್ವೈರ್ ಎಂಬ ವಿದುಷಿಯೂ ಸಂಗಡಿಗರೂ ಇಂತಹ 16 ಸಾರಥಿಗಳ ಮೆದುಳನ್ನು ಪರೀಕ್ಷಿಸಿ, ಸ್ಥಳಸ್ಮೃತಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂಬದಿಯು ಇತರರಿಗಿಂತ ಇವರಲ್ಲಿ ದೊಡ್ಡದೆಂದು ಪ್ರಕಟಿಸಿದರು. ಹುಟ್ಟಿನಿಂದಲೇ ಹಾಗಿದ್ದವರು ಈ ವೃತ್ತಿಗೆ ಬಂದಿರಬಾರದೇಕೆ ಎಂಬುದು ಪೂರ್ವಪಕ್ಷ. ಸಮಾಧಾನವು 2011ರಲ್ಲಿ ದೊರೆಯಿತು. 79 ಅಭ್ಯಾಸಿಗಳನ್ನು ಆರಂಭದಲ್ಲಿ ನೋಡಿದಾಗ ಭೇದವೇನೂ ಇರಲಿಲ್ಲ. ಅವರಲ್ಲಿ 39 ಮಂದಿ ಉತ್ತೀರ್ಣರಾದರು. ಆ ಭಾಗವು ಬೆಳೆದದ್ದು ಇವರಲ್ಲಿ ಮಾತ್ರ. ಆದರೆ ಹೊಸದೊಂದು ಜಟಿಲವಾದ ಚಿತ್ರವನ್ನು ನೋಡಿ, ತುಸು ಹೊತ್ತಿನ ಮೇಲೆ ನೆನೆದು ಬರೆಯುವುದರಲ್ಲಿ ಇದೇ ಜನರು ಹಿಂದುಳಿದರು. ಸ್ಮೃತಿಯನ್ನು ಕೊಂಡಾಡುವವರು ಈ ಅಂಶವನ್ನು ಹೇಳದೆ ಬಿಡುವುದು ಸರಿಯಲ್ಲ.

ನಿಯತಮಾರ್ಗದಲ್ಲಿ ಓಡಾಡುವ ಬಸ್ಸಿನವರಲ್ಲಿ ಈ ವೃದ್ಧಿಯಿಲ್ಲವೆಂದು 2006ರಲ್ಲಿಯೇ ತಿಳಿದಿತ್ತು. ಆದುದರಿಂದ ಗಾಡಿಯನ್ನು ಓಡಿಸುವುದು ಇಲ್ಲಿ ಕಾರಣವಲ್ಲ. ದಾರಿಯನ್ನು ತಾನೇ ಕಲ್ಪಿಸಿಕೊಳ್ಳುವುದು ಕಾರಣವೆನ್ನಬೇಕು. ಉಪಗ್ರಹಗಳ ನೆರವಿನಿಂದ ದಾರಿ ಹೇಳುವ ಯಂತ್ರದ ವಿಚಾರವು ಇಲ್ಲಿಗೆ ಸಂಬಂಧಿಸುತ್ತದೆ. ಸೋಹೊ ಪ್ರದೇಶದ ಬೀದಿಗಳನ್ನು ಕುರಿತು 24 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಾರಿಯನ್ನು ತಾವೇ ಆರಿಸಿದಾಗ ಹಿಪೊಕ್ಯಾಂಪಸ್ ಪ್ರತಿ ಹೊಸ ಬೀದಿಯಲ್ಲೂ ಚುರುಕಾಯಿತು. ಸೂಚನೆಯನ್ನು ಅನುಸರಿಸಿದಾಗ ಸುಮ್ಮನಿತ್ತು. ಇದರಿಂದ ಯಂತ್ರವು ಸ್ಮೃತಿಯನ್ನು ಕೆಡಿಸುತ್ತದೆಂದು ಸಾಧಿಸಿದಂತಾಗಲಿಲ್ಲ. ಅದಕ್ಕೆ ಕೆಲಸವನ್ನು ಕೊಡುವುದಿಲ್ಲವೆಂಬಷ್ಟೇ ಸಿದ್ಧ. ಯಂತ್ರವನ್ನು ಹೆಚ್ಚಾಗಿ ಬಳಸಿದವರ ಸ್ಥಳಸ್ಮೃತಿಯು ಮೂರು ವರ್ಷಗಳಲ್ಲಿ ಹೆಚ್ಚು ಕುಗ್ಗಿತೆಂದು 2020ರಲ್ಲಿ ಕೆನಡಾದ ವಿದ್ವಾಂಸರು ಬರೆದಿದ್ದಾರೆ. ಅವರು ಮತ್ತೆ ಪರೀಕ್ಷಿಸಿದ್ದು 13 ಮಂದಿಯನ್ನು ಮಾತ್ರ, ಇಷ್ಟು ಸಣ್ಣ ತಳಹದಿಯ ಮೇಲೆ ದೊಡ್ಡ ಕಟ್ಟಡವನ್ನು ಎಬ್ಬಿಸಲಾಗದು.

2012ರಲ್ಲಿ ಉಬರ್ ಸಂಸ್ಥೆಯು ಲಂಡನ್ನಿಗೆ ಬಂದಿತು. ಅದರ ಸಾರಥಿಗಳಿಗೆ ಈ ‘ಜ್ಞಾನ’ದ ನಿರ್ಬಂಧವಿಲ್ಲ. 2014ನೆಯ ಜೂನ್ 11ರಂದು ಕರಿಯ ಟ್ಯಾಕ್ಸಿಯವರು ಗಾಡಿಗಳನ್ನು ಬೀದಿಯಲ್ಲಿ ನಿಲ್ಲಿಸಿ ಪ್ರತಿಭಟಿಸಿದರು. ಹೊರಗೆ ಹೇಳಿದ್ದು ಮೀಟರಿನ ವಿವಾದ. ಒಳಗಿದ್ದದ್ದು ವರ್ಷಗಟ್ಟಲೆ ಕಲಿತ ವಿದ್ಯೆಯ ಬೆಲೆಯ ಪ್ರಶ್ನೆ. ಮೀಟರಿನ ವಿಷಯವನ್ನು ನ್ಯಾಯಸ್ಥಾನವು 2015ರಲ್ಲಿ ಉಬರಿಗೆ ಅನುಕೂಲವಾಗಿ ತೀರ್ಮಾನಿಸಿತು. ಕರಿಯ ಟ್ಯಾಕ್ಸಿಯವರಿಗೆ ಪರೀಕ್ಷೆಯು ಇಂದಿಗೂ ಉಂಟು.