ಒಳಮೂಲೆಯ ತಗಡು

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೋದ ತಿಂಗಳು ದೂರವಾಣಿಯಲ್ಲಿ ಮಾತನಾಡುತ್ತ, ತಮ್ಮೂರಿನ ಹಳೆಯ ಚರ್ಚಿನ ಛಾವಣಿಯಿಂದ ಕಳ್ಳರು ಸೀಸದ ಹಾಳೆಗಳನ್ನು ಸುಲಿದುಕೊಂಡು ಹೋದರೆಂದು ಹೇಳಿದ. ಬಂಗಾರವಲ್ಲ, ಬೆಳ್ಳಿಯಲ್ಲ, ಸೀಸ! ಅಲ್ಲಿ ಎರಡು ಇಳಿಜಾರುಗಳು ಒಳಮುಖವಾಗಿ ಕೂಡುವ ಮೂಲೆಗೂ, ಛಾವಣಿ ಗೋಡೆಗೆ ತಾಗುವ ಸಂದಿಗೂ ಸೀಸದ ಹಾಳೆಯನ್ನೇ ಹೊದಿಸುವರಂತೆ. ನಳದ ಕೆಲಸದವನಿಗೆ ಇಂಗ್ಲಿಷಿನಲ್ಲಿ 'ಪ್ಲಂಬರ್' ಎಂಬ ಹೆಸರು ಬಂದುದೂ ಸೀಸದ ಲ್ಯಾಟಿನ್ ಹೆಸರಾದ 'ಪ್ಲಂಬಮ್'ನಿಂದಲೇ ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಆದರೆ ಅದೇ ಸೀಸ ಮನೆಯ ಮಾಡನ್ನೂ ಕಾಯುತ್ತದೆಂಬುದನ್ನು ಹೇಳಲು ಎಂದೂ ನೆನಪಾಗಿರಲಿಲ್ಲ. ಆ ರಾತ್ರಿ ನಿದ್ರೆ ಬರಲಿಲ್ಲ. ಛಾವಣಿಯ ಒಳಮೂಲೆಯೊಂದರ ಋಣ ನನ್ನ ತಲೆಯ ಮೇಲೆ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಇದೆ. ಅದನ್ನು ಹೇಳುವ ಮೊದಲು ನಮ್ಮ ಭಾಗದ ಮಾಡುಗಳ ಕಥೆಯನ್ನು ಸ್ವಲ್ಪ ಹೇಳಬೇಕು.

ನಾನು ಹುಟ್ಟಿದ್ದು ನವಲಗುಂದ ತಾಲೂಕಿನ ಎರೆಭೂಮಿಯ ಒಂದು ಹಳ್ಳಿಯಲ್ಲಿ. ಅಲ್ಲಿ ಎಲ್ಲವೂ ಮಾಳಿಗೆಯ ಮನೆಗಳು. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೆ ಕಟ್ಟಿಗೆಯ ಚಕ್ಕೆ, ಎಲ್ಲಕ್ಕೂ ಮೇಲೆ ಗೇಣುಗಟ್ಟಲೆ ಮಣ್ಣು. ಇದನ್ನೇ ಮೇಲ್ಮುದ್ದೆಯೆಂದು ಕರೆಯುವುದು. ಮಳೆಗಾಲಕ್ಕೆ ಮುನ್ನ ಸವಳು ಮಣ್ಣು ತಂದು ಮಾಳಿಗೆಗೆ ಹಾಕಿ ತುಳಿಯುವುದು ನಮ್ಮ ತಂದೆಯವರಿಗೆ ಬಿತ್ತನೆಯಷ್ಟೇ ಮುಖ್ಯವಾದ ಕೆಲಸವಾಗಿತ್ತು. ಸವಳಿನಲ್ಲಿ ಹುಲ್ಲು ಬೇರು ಬಿಡುವುದಿಲ್ಲ; ಬೇರು ಬಿಡದಿದ್ದರೆ ನೀರಿಗೆ ದಾರಿಯಿಲ್ಲ. ಮಾಳಿಗೆ ಸಮತಟ್ಟಾದುದರಿಂದ ಅದಕ್ಕೆ ಒಳಮೂಲೆಯೆಂಬುದೇ ಇಲ್ಲ. ಆದರೂ ಸೋರುತ್ತಿತ್ತು. ಶಿಶುನಾಳ ಶರೀಫ ಸಾಹೇಬರು (1819–1889) ಸೋರುವ ಮಾಳಿಗೆಯನ್ನೇ ಹಿಡಿದು ತತ್ತ್ವಪದ ಕಟ್ಟಿದುದು ಸುಮ್ಮನಲ್ಲ. ಅವರೂ ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರೆಂಬುದು ನನ್ನಂಥವನಿಗೆ ಒಂದು ಸಣ್ಣ ಹೆಮ್ಮೆ. 2009ರ ಅಕ್ಟೋಬರಿನಲ್ಲಿಯೂ 2019ರ ಆಗಸ್ಟಿನಲ್ಲಿಯೂ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಸಾವಿರಾರು ಮನೆಗಳು ಕುಸಿದವು. ಅವುಗಳಲ್ಲಿ ಮಣ್ಣಿನ ಮನೆಗಳ ಪಾಲು ಎಷ್ಟೆಂಬುದನ್ನು ನಮ್ಮ ಹಳ್ಳಿಯ ದಾರಿಯಲ್ಲಿ ನಡೆದವರಿಗೆ ಹೇಳಬೇಕಾಗಿಲ್ಲ.

ನವಲಗುಂದದಿಂದ ಪಶ್ಚಿಮಕ್ಕೆ ಹುಬ್ಬಳ್ಳಿ, ಧಾರವಾಡ ದಾಟಿ ಅಳ್ನಾವರದತ್ತ ಸಾಗಿರಿ. ಐವತ್ತು ಮೈಲಿಯ ಆಸುಪಾಸಿನಲ್ಲಿ ಮಾಡಿನ ಆಕಾರವೇ ಬದಲಾಗುತ್ತದೆ. ಸಪಾಟ ಮಾಳಿಗೆಗಳು ವಿರಳವಾಗಿ, ಕೆಂಪು ಹಂಚಿನ ಇಳಿಜಾರು ಆರಂಭವಾಗುತ್ತದೆ. ಬಯಲುಸೀಮೆ ಮತ್ತು ಮಲೆನಾಡುಗಳ ಗಡಿಯನ್ನು ಭೂಪಟದಲ್ಲಿ ತೋರಿಸುವುದಕ್ಕಿಂತ ಮಾಡುಗಳಲ್ಲಿ ತೋರಿಸುವುದು ಸುಲಭ. ಧಾರವಾಡ ಈ ಗಡಿಯ ಮೇಲೆಯೇ ಕುಳಿತ ಊರು. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಮಂಗಳೂರಿನ 3,500 ಮಿ.ಮೀ.ಗೂ ಮಿಕ್ಕ ಮಳೆಯ ಮುಂದೆ ಇದೇನು ದೊಡ್ಡದಲ್ಲ. ಆದರೆ ನಮ್ಮದು ದಿನಗಟ್ಟಲೆ ಬಿಡದೆ ಜಿನುಗುವ ಜಿಟಿಜಿಟಿ ಮಳೆ. ಅದು ಹಂಚನ್ನು ಒಡೆಯುವುದಿಲ್ಲ, ಸಂದಿಯನ್ನು ಹುಡುಕುತ್ತದೆ.

ಮೊದಲು ಇಲ್ಲಿದ್ದುದು ಕುಂಬಾರರು ಮಾಡಿದ ನಾಡಹಂಚು. ಮಂಗಳೂರು ಹಂಚು ಬಂದುದು ಆಮೇಲೆ. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ 1837ರಲ್ಲಿಯೂ ಹುಬ್ಬಳ್ಳಿಗೆ 1839ರಲ್ಲಿಯೂ ಬಂದರು. ಅವರ ಮುದ್ರಣಾಲಯದ ಕೆಲಸಕ್ಕೆಂದು ಮಂಗಳೂರಿಗೆ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಕುಶಲಕರ್ಮಿ 1865ರಲ್ಲಿ ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ. ಒಂದರ ತುಟಿ ಇನ್ನೊಂದರ ಗಾಡಿಯೊಳಗೆ ಕೂಡುವ ಈ ಬಗೆಯ ಹಂಚನ್ನು 1841ರಲ್ಲಿ ರೂಪಿಸಿದವರು ಬಾಸೆಲಿಗೆ ಸಮೀಪದ ಆಲ್ಟ್‌ಕಿರ್ಷ್ ಊರಿನ ಗಿಲಾರ್ಡೋನಿ ಸಹೋದರರು. ಹಾಗಾಗಿ ನಮ್ಮ ಮನೆಯ ಮಂಗಳೂರು ಹಂಚಿನ ಅಜ್ಜನ ಮನೆ ಫ್ರಾನ್ಸಿನ ಗಡಿಯಲ್ಲಿದೆ!

ಇಲ್ಲೊಂದು ಎಚ್ಚರಿಕೆಯ ಮಾತು. ಎಷ್ಟೋ ಮಂದಿ ತಮ್ಮ ಹಂಚಿನ ಮೇಲೆ 'ಬಾಸೆಲ್ ಮಿಶನ್ 1865' ಎಂದೋ 'ಆಲ್ಬುಕರ್ಕ್ 1868' ಎಂದೋ ಇರುವುದನ್ನು ತೋರಿಸಿ, ತಮ್ಮ ಮನೆ ಅಷ್ಟು ಹಳೆಯದೆಂದು ಬೀಗುತ್ತಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಹಂಚು ಸುಟ್ಟ ವರ್ಷವಲ್ಲ. ಒಬ್ಬ ಗೃಹಸ್ಥರಂತೂ ಈ ಮಾತನ್ನು ಕೇಳಿ ನನ್ನೊಡನೆ ಎರಡು ವಾರ ಮಾತು ಬಿಟ್ಟಿದ್ದರು.

ರೈಲು ಬರುವ ಮುನ್ನ ಧಾರವಾಡದ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟವಿಳಿದು ಕುಮಟೆ, ಕಾರವಾರ ಬಂದರುಗಳಿಗೆ ಹೋಗುತ್ತಿತ್ತು. ಆ ದಾರಿಯಲ್ಲಿ ಹಂಚಿನಂಥ ಭಾರದ, ಒಡೆಯುವ ಸರಕನ್ನು ಮೇಲಕ್ಕೇರಿಸುವುದು ಸಾಮಾನ್ಯರ ಮಾತಾಗಿರಲಿಲ್ಲ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಗಿ, ಆ ದಶಕದಲ್ಲಿಯೇ ಹಳಿಗಳು ಮುರಗಾಂವ ಬಂದರನ್ನು ಮುಟ್ಟಿದ ಮೇಲೆ ಪರಿಸ್ಥಿತಿ ತಿರುಗಿತು. ಕಂಪನಿಯ ಕಚೇರಿಗೆಂದು ಧಾರವಾಡದಲ್ಲಿ ಎದ್ದ ಭವ್ಯ ಕಟ್ಟಡವೇ ಮುಂದೆ, 1917ರಲ್ಲಿ ಹುಟ್ಟಿದ ಕರ್ನಾಟಕ ಕಾಲೇಜಿಗೆ ಮನೆಯಾಯಿತು. ರೈಲಿನ ಜತೆಗೆ ಬಂಗಲೆಗಳು, ಬಂಗಲೆಗಳ ಜತೆಗೆ 'ಎಲ್' ಅಕ್ಷರದ ಆಕಾರದ ಕಟ್ಟಡಗಳು ಬಂದವು. ಕಟ್ಟಡ ಹೊರಳಿದಲ್ಲಿ ಮಾಡೂ ಹೊರಳಬೇಕಷ್ಟೆ. ಹೊರಮಗ್ಗುಲಿನ ಹೊರಳಿಕೆ ತೊಂದರೆ ಕೊಡುವುದಿಲ್ಲ. ನೀರು ಎರಡೂ ಕಡೆಗೆ ಹರಿದುಹೋಗುತ್ತದೆ. ಒಳಮಗ್ಗುಲಿನಲ್ಲಿ ಎರಡು ಮಾಡುಗಳ ನೀರು ಒಂದೇ ಗೆರೆಗೆ ಬಂದು ಬೀಳುತ್ತದೆ. ಅಲ್ಲಿ ಹಂಚನ್ನು ಓರೆಯಾಗಿ ಕತ್ತರಿಸಬೇಕಾಗುವುದರಿಂದ ತುಟಿ-ಗಾಡಿಗಳ ಹೊಂದಿಕೆಯೂ ತಪ್ಪುತ್ತದೆ. ಮಾಡಿನ ಅತಿ ದುರ್ಬಲವಾದ ಜಾಗಕ್ಕೆ ಅತಿ ಹೆಚ್ಚು ನೀರು!

ಸೀಸ ಆ ಕೆಲಸಕ್ಕೆ ಒದಗುವುದು ಅದರ ಮೃದುತ್ವದಿಂದ. ಕಟ್ಟಿಗೆಯ ಕೊಡತಿಯಿಂದ ಬಡಿದರೆ ಯಾವ ತಿರುವಿಗೂ ಅಂಟಿ ಕೂಡುತ್ತದೆ, ತುಕ್ಕು ಹಿಡಿಯುವುದಿಲ್ಲ, ನೂರು ವರ್ಷ ಬಾಳುತ್ತದೆ. ಆದರೆ ಬಿಸಿಲಿಗೆ ಅದು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಉದ್ದನೆಯ ಹಾಳೆಯಾದರೆ ಹಿಗ್ಗಿ ಕುಗ್ಗಿ ದಣಿದು ಸೀಳುತ್ತದೆ. ತನ್ನ ಭಾರಕ್ಕೇ ಇಳಿಜಾರಿನಲ್ಲಿ ಮೆಲ್ಲಗೆ ಜಾರುತ್ತದೆ. ನಮ್ಮ ಏಪ್ರಿಲ್ ತಿಂಗಳ ಬಿಸಿಲನ್ನು ನೆನೆಯಿರಿ. ಮೇಲಾಗಿ ಬೆಲೆ. ನಾನು ಏರಿ ನೋಡಿದ ಧಾರವಾಡದ ಯಾವ ಮಾಡಿನಲ್ಲಿಯೂ ಸೀಸ ಕಂಡಿಲ್ಲ. ನಮ್ಮೂರಿನಲ್ಲಿ ಸೀಸವನ್ನು ಕಾಣಬೇಕಾದರೆ ಛಾಪಖಾನೆಗೆ ಹೋಗಬೇಕಾಗಿತ್ತು. ಅಲ್ಲಿ ಅದು ಅಚ್ಚುಮೊಳೆಗಳಾಗಿ, ಕನ್ನಡ ಅಕ್ಷರಗಳಾಗಿ ಮನೆಗಳಲ್ಲಿ ಕುಳಿತಿರುತ್ತಿತ್ತು.

ಮಾಡಿಗೆ ನಮ್ಮವರು ಹಾಕಿದ್ದು ಸತುವಿನ ಲೇಪದ ಕಬ್ಬಿಣದ ತಗಡು. ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ಈ ವಿದ್ಯೆಗೆ ಸೊರೆಲ್ ಎಂಬ ಫ್ರೆಂಚ್ ರಸಾಯನತಜ್ಞ ಹಕ್ಕುಪತ್ರ ಪಡೆದುದೂ 1837ರಲ್ಲಿಯೇ, ಮಿಶನ್ನಿನವರು ಧಾರವಾಡಕ್ಕೆ ಬಂದ ವರ್ಷ. ಇತಿಹಾಸದ ಮಾಸ್ತರನಿಗೆ ಇಂಥ ಕಾಕತಾಳೀಯಗಳೆಂದರೆ ಬೆಲ್ಲ.

ಇರಲಿ, ಋಣದ ಮಾತಿಗೆ ಬರುತ್ತೇನೆ.

ನಾನು ಬಹುಕಾಲ ಕೆಲಸ ಮಾಡಿದ ಶಾಲೆ ಅಂಥದೇ 'ಎಲ್' ಆಕಾರದ ಹಂಚಿನ ಕಟ್ಟಡ. ಒಳಮೂಲೆಯ ಕೆಳಗಿನ ಕೋಣೆಗೆ ಗಟ್ಟಿ ಕೀಲಿಯಿದ್ದುದರಿಂದ ಹಳೆಯ ಜನರಲ್ ರಜಿಸ್ಟರುಗಳ ಕಪಾಟನ್ನು ಅಲ್ಲಿಯೇ ಇಟ್ಟಿದ್ದೆವು. ಜನನ ದಾಖಲೆಯಿಲ್ಲದ ಆ ಕಾಲದ ಮಕ್ಕಳಿಗೆ ಶಾಲೆಯ ರಜಿಸ್ಟರೇ ಹುಟ್ಟಿದ ದಿನದ ಸಾಕ್ಷಿ. 1987ರ ಬೇಸಿಗೆಯಲ್ಲಿ ಮೂಲೆಯ ತಗಡು ತುಕ್ಕು ತಿಂದು ಜಾಲರಿಯಾಗಿರುವುದು ಕಂಡಿತು. ದುರಸ್ತಿಯ ಹೊಣೆ ನನ್ನದು. ಹುಬ್ಬಳ್ಳಿಯ ತಗಡಿನ ಕೆಲಸದ ವೃದ್ಧರೊಬ್ಬರು ಹತ್ತಿ ನೋಡಿ, ಹೊಸ ತಗಡಿಗೆ ಮುನ್ನೂರು ರೂಪಾಯಿ ಕೇಳಿದರು. ಗೌಂಡಿಯೊಬ್ಬ ನಲವತ್ತು ರೂಪಾಯಿಗೆ ಸಿಮೆಂಟು ಮೆತ್ತಿ ಕೊಡುತ್ತೇನೆಂದ. ಸಾದಿಲ್ವಾರು ಖಾತೆಯಲ್ಲಿದ್ದುದು ಎಪ್ಪತ್ತೇ ರೂಪಾಯಿ. ನಾನು ಸಿಮೆಂಟಿಗೆ ರುಜು ಹಾಕಿದೆ.

"ಮಾಸ್ತರ, ಸಿಮೆಂಟ್ ಕಲ್ಲಿನ ಜಾತಿರಿ. ಕಟಗಿ ಮಳಿಗೆ ಉಬ್ಬತದ, ಬಿಸಲಿಗೆ ಸೊರಗತದ. ಅದರ ಜೋಡಿ ಇದು ಹ್ಯಾಂಗ ಸಂಸಾರ ಮಾಡತದರಿ?" ಎಂದು ಆ ಚಾಚಾ ಹೇಳಿ ಹೋಗಿದ್ದರು. ಅದನ್ನು ವ್ಯಾಪಾರದ ಮಾತೆಂದು ತಿಳಿದೆ.

ಆ ವರ್ಷ ಸೋರಲಿಲ್ಲ. ಮರುವರ್ಷದ ಬೇಸಿಗೆಗೆ ಸಿಮೆಂಟು ಕೂದಲೆಳೆಯಷ್ಟು ಬಿರಿಯಿತು. 1988ರ ಮಳೆಗಾಲದಲ್ಲಿ ಬೇವಿನ ಎಲೆ ಆ ಬಿರುಕಿಗೆ ಅಡ್ಡಗಟ್ಟಿ ನೀರನ್ನು ನಿಲ್ಲಿಸಿತು. ನಿಂತ ನೀರು ತೊಟ್ಟಿಕ್ಕಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಅದು ಗೋಡೆಯ ಮೈಯಗುಂಟ ಇಳಿದು ಕಪಾಟಿನ ಬೆನ್ನು ಸೇರಿತು. ಕಪಾಟು ತೆರೆದದ್ದು 1989ರ ಜನವರಿಯಲ್ಲಿ, ಕಾರ್ಖಾನೆಯೊಂದರ ನೌಕರರೊಬ್ಬರು ಬಂದಾಗ. ಅವರ ಸೇವಾ ಪುಸ್ತಕದಲ್ಲಿ ಹುಟ್ಟಿದ ವರ್ಷ 1931 ಎಂದಿತ್ತು; ಅವರು ಹೇಳುವಂತೆ ಹುಟ್ಟಿದ್ದು 1933ರಲ್ಲಿ. ಆ ವರ್ಷವೇ ನಿವೃತ್ತಿ, ಮದುವೆಯಾಗಬೇಕಾದ ಇಬ್ಬರು ಹೆಣ್ಣುಮಕ್ಕಳು. 1939ರ ಪ್ರವೇಶದ ಪುಟ ತೆಗೆದರೆ ಎರಡು ವರ್ಷದ ಸಂಬಳ ಉಳಿಯುತ್ತಿತ್ತು.

ಪುಟಗಳು ಒಂದಕ್ಕೊಂದು ಅಂಟಿ ಹುಳಿತ ರೊಟ್ಟಿಯಂತಾಗಿದ್ದವು. ಶಾಯಿ ನೀಲಿ ಕಲೆಯಾಗಿ ಹರಡಿತ್ತು.

"ನನ್ನ ಹೆಸರು ಇದರಾಗ ಇತ್ತರಿ, ಅಲ್ರಿ ಗುರುಗಳ?" ಎಂದರು.

"ಇತ್ತರಿ" ಎಂದೆ.

ಅವರು ಬೈಯಲಿಲ್ಲ. ಕಪಾಟಿನ ಹಿಂದಿನ ಗೋಡೆಯನ್ನು ಒಮ್ಮೆ ನೋಡಿ, ನಮಸ್ಕಾರ ಮಾಡಿ ಹೋದರು. ಆ ಮೇ ತಿಂಗಳ ಕೊನೆಗೆ ಅವರು ನಿವೃತ್ತರಾದುದು ಆಮೇಲೆ ತಿಳಿಯಿತು.

ನಾನು ಹುಬ್ಬಳ್ಳಿಗೆ ಹೋಗಿ ಅದೇ ಚಾಚಾ ಅವರನ್ನು ಕರೆತಂದೆ. ಖರ್ಚು ನನ್ನ ಸಂಬಳದಿಂದ. ಅವರು ಮಾಡಿದ್ದನ್ನು ವಿವರವಾಗಿಯೇ ಬರೆಯುತ್ತೇನೆ, ಹಂಚಿನ ಮನೆಯುಳ್ಳವರಿಗೆ ಬೇಕಾದೀತು. ಮೂಲೆಯ ಎರಡೂ ಮಗ್ಗುಲಿನ ಹಂಚು ಇಳಿಸಿ, ಸಿಮೆಂಟು ಒಡೆದು, ಕುಂಬಾದ ಪಟ್ಟಿಗಳನ್ನು ಬದಲಿಸಿದರು. ಎರಡಡಿ ಅಗಲದ ದಪ್ಪ ತಗಡಿನ ಎರಡೂ ಅಂಚುಗಳನ್ನು ಅರ್ಧ ಅಂಗುಲ ಮೇಲಕ್ಕೆ ಮಡಿಚಿದರು. ನೀರು ರಭಸದಿಂದ ಬಂದು ಪಕ್ಕಕ್ಕೆ ಹೊರಳಿದರೆ ಆ ಮಡಿಕೆ ತಡೆಯುತ್ತದೆ. ಕೆಳಗಿನಿಂದ ಹಾಕುತ್ತ ಬಂದು, ಮೇಲಿನ ತುಂಡು ಕೆಳಗಿನದರ ಮೇಲೆ ಅರ್ಧ ಅಡಿ ಕೂಡುವಂತೆ ಇಟ್ಟರು. ನಡುವೆ ಒಂದೂ ಮೊಳೆ ಹೊಡೆಯಲಿಲ್ಲ. ಹಿಡಿತವೆಲ್ಲ ಹಂಚಿನಡಿಯ ಅಂಚಿನಲ್ಲಿ. ಎರಡು ಕೈ ಡಾಂಬರು ಬಳಿದರು. ಕತ್ತರಿಸಿದ ಹಂಚುಗಳ ನಡುವೆ ಅಂಗೈ ಅಗಲದ ಕಾಲುವೆ ತೆರೆದೇ ಇರಬೇಕು, ಅಂದವಾಗಿ ಕಾಣಲೆಂದು ಮುಚ್ಚಬಾರದು ಎಂದರು. ಹಸಿ ಸಿಮೆಂಟು, ಹಸಿ ಸುಣ್ಣ ತಗಡಿಗೆ ತಾಗದಂತೆ ನೋಡಿಕೊಂಡರು; ಅವು ಸತುವನ್ನು ತಿನ್ನುತ್ತವೆ. ಸೀಸಕ್ಕೂ ಇದೇ ಪಥ್ಯವೆಂದು ಇತ್ತೀಚೆಗೆ ಓದಿದೆ. ಇಳಿಯುವಾಗ, ರೋಹಿಣಿ ಮುಗಿಯುವುದರೊಳಗೆ ಪ್ರತಿವರ್ಷ ಎಲೆ ಬಳಿಯಿರಿ, ಹಂಚಿನ ನಡುವೆ ಕಾಲಿಡದೆ ಕೆಳಗೆ ಪಟ್ಟಿಯಿರುವಲ್ಲಿ ಇಡಿರಿ, ಮಂಗಗಳಿಗೆ ಮಾತ್ರ ಯಾರೂ ಇದನ್ನು ಕಲಿಸಲಾಗಿಲ್ಲ ಎಂದು ನಕ್ಕರು.

ಮುಂದೆ ಹತ್ತೊಂಬತ್ತು ಮಳೆಗಾಲ ಆ ಮೂಲೆ ಸೋರಲಿಲ್ಲ. 2008ರಲ್ಲಿ ಕಟ್ಟಡ ಕೆಡವಿ ಆರ್‌ಸಿಸಿ ಕಟ್ಟಿದರು. ಅದು ಮೂರನೆಯ ವರ್ಷಕ್ಕೇ ಸೋರಿತು, ಅದು ಬೇರೆ ಕಥೆ.

ತಗಡು ಕೂತ ವರ್ಷದ ಬೇಸಿಗೆ ರಜೆಯಲ್ಲಿ ನಾನು ಉಳಿದ ರಜಿಸ್ಟರುಗಳನ್ನು ಬಿಸಿಲಿಗೆ ಹರವಿ, ಓದಲು ಬರುವಷ್ಟನ್ನು ಹೊಸ ಪುಸ್ತಕಕ್ಕೆ ಕೈಯಾರೆ ಇಳಿಸಿದೆ. ಮುಖ್ಯಾಧ್ಯಾಪಕರು ಪ್ರತಿ ಪುಟಕ್ಕೂ ಮೊಹರು ಒತ್ತಿದರು. 1939ರ ಜೂನ್ ತಿಂಗಳಲ್ಲಿ 412ರಿಂದ 437ರವರೆಗಿನ ಕ್ರಮಸಂಖ್ಯೆಗಳನ್ನು ಬರೆದು, ಎದುರಿನ ಸಾಲುಗಳನ್ನು ಖಾಲಿ ಬಿಟ್ಟಿದ್ದೇನೆ.